ಮೂರನೆಯ ಕೂಗು

ಖಾಸಿಮ್ ಸಾಬರು ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗಿದರೆ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೂ ಎದ್ದು ನಿಲ್ಲುತ್ತಿದ್ದರು, ತಮ್ಮ ಹೆಸರಲ್ಲದಿದ್ದರೂ. ಸಣಕಲು ಆಳು. ಅಂಥ ದನಿ ಆ ಎದೆಯಲ್ಲಿ ಎಲ್ಲಿರುತ್ತಿತ್ತೋ! ಭೀಮಾ ಸೀಮೆಯ ಒಂದು ತಾಲೂಕು ಕೋರ್ಟಿನಲ್ಲಿ ಅವರು ಹೆಸರು ಕೂಗುವ ಜವಾನ, ಪಟ್ಟೇವಾಲಾ; ನಾನು ದಿನದ ಕೇಸುಗಳ ಪಟ್ಟಿ ಬರೆಯುವ ಗುಮಾಸ್ತ. ಹತ್ತಕ್ಕೆ ಐದು ನಿಮಿಷವಿರುವಾಗ ಇಬ್ಬರೂ ಹಾಜರು.

ಕಾಗದದಲ್ಲಿದ್ದಷ್ಟೇ ಕೂಗುವುದು ಅವರ ನೇಮ. ಇಡೀ ತಾಲೂಕು ಯಾರ ಮಾತಿನಂತೆ ಓಟು ಹಾಕುತ್ತಿತ್ತೋ ಆ ಸಾಹುಕಾರರನ್ನೂ ಒಮ್ಮೆ ಬರೀ ಹೆಸರು, ಅಪ್ಪನ ಹೆಸರು ಹಿಡಿದು ಕೂಗಿದರು.

“ಏನಲೇ, ನನ್ನ ಹೆಸರು ಬಾಜಾರದಾಗ ಹರಾಜಿಗಿಟ್ಟೀ?”

“ಕಾಗದದಾಗ ಸಾವ್ಕಾರ ಅಂತ ಇಲ್ರಿ. ಬರೆಸ್ಕೊಂಡ್ ಬರ್ರಿ, ನಾಳೆ ಇನ್ನೂ ಜೋರ್ ಒದರ್ತೇನಿ.”

ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ನಿಂಗಮ್ಮ ಎಂಬ ಕೂಲಿ ಹೆಂಗಸು ಸಾಹುಕಾರರ ಆಳಿನ ಎದುರು ನಿಂತಳು. ಸೋತಾಗ, ಓಟಿನ ಎಣಿಕೆಯಲ್ಲಿ ಮೋಸವಾಗಿದೆಯೆಂದು ನಮ್ಮ ಕೋರ್ಟಿಗೆ ಬಂದಳು. ಅವಳ ಕೇಸು ಯಾವಾಗಲೂ ಊಟದ ನಂತರ ಬರುತ್ತಿತ್ತು. ಒಂದು ಬೆಳಿಗ್ಗೆ ಸಾಹುಕಾರರ ವ್ಯವಹಾರ ನೋಡುವ ಕಾರಭಾರಿ ನನ್ನ ಮೇಜಿಗೆ ಬಗ್ಗಿ, “ಇವತ್ತು ಅದನ್ನ ಮೊದಲು ಬರೀರಿ” ಎಂದ. ಹೆದರಿ ಬರೆದೆ. ಅವಳ ಊರಿನ ಬಸ್ಸು ಬರುವುದು ಹನ್ನೊಂದೂವರೆಗೆ ಎಂದು ನನಗೆ ಗೊತ್ತಿತ್ತು.

ಹನ್ನೊಂದಕ್ಕೆ ಮುನಸೀಫರು ನ್ಯಾಯಪೀಠದಲ್ಲಿ ಕೂತರು. ಹಿಂದಿನ ಸಂಜೆ ಸಾಹುಕಾರರ ಜೀಪು ಮುನಸೀಫರ ಮನೆ ಮುಂದೆ ನಿಂತಿದ್ದನ್ನು ಊರೇ ನೋಡಿತ್ತು. ನಿಂಗಮ್ಮನ ವಕೀಲರಿಗೆ ಅಂದೇ ಜ್ವರ.

“ಮೂರು ಸಲ ಕೂಗಿ. ಬರದಿದ್ದರೆ ವಜಾ” ಎಂದರು ಮುನಸೀಫರು.

ಖಾಸಿಮ್ ಸಾಬರು ಪಟ್ಟಿ ನೋಡಿದರು, ನನ್ನನ್ನು ನೋಡಿದರು. ಮೊದಲನೆಯದನ್ನು ಬಾಗಿಲಲ್ಲಿ ಕೂಗಿದರು. ಎರಡನೆಯದನ್ನು ಗೇಟಿನಲ್ಲಿ. ಆಮೇಲೆ ದನಿಯೇ ಇಲ್ಲ. ಮೂರನೆಯ ಕೂಗು ಆಗದೆ ಮುನಸೀಫರು ಬರೆಯುವಂತಿರಲಿಲ್ಲ. ಪೆನ್ನು ಹಿಡಿದೇ ಕೂತರು. ಕಾರಭಾರಿ ಮೂರು ಸಲ ಹೊರಗೆ ಹೋಗಿ ಬಂದ.

ಅರ್ಧ ಗಂಟೆಯಾದ ಮೇಲೆ ಬಸ್ ಸ್ಟ್ಯಾಂಡಿನಿಂದ ಕೂಗು ಬಂತು: “ನಿಂಗಮ್ಮ ಗಂಡ ಸಿದ್ದಪ್ಪ ಹಾಜರ್ ಹೈ?” ಹಿಂದೆಯೇ ಹೆಂಗಸಿನ ದನಿ: “ಅದೀನ್ರೀ ಯಪ್ಪಾ!”

ಇಬ್ಬರೂ ಏದುಸಿರು ಬಿಡುತ್ತ ಒಳಗೆ ಬಂದರು.

“ಇದೆಂಥಾ ಕೂಗೋದ್ಲೇ?” ಎಂದು ಕಾರಭಾರಿ ಹಾರಾಡಿದ.

“ಸಾಹೇಬ್ರು ಮೂರು ಸಲ ಅಂದ್ರು. ಎಲ್ಲಿ ನಿಂತು ಅಂತ ಅನ್ಲಿಲ್ಲ.”

ಮುನಸೀಫರು ಪೆನ್ನಿನ ಮುಚ್ಚಳ ಹಾಕಿದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಕೇಸು ಉಳಿಯಿತು, ಮುಂದಿನ ತಾರೀಖು ಬಿತ್ತು.

ಹದಿನೈದು ದಿನಕ್ಕೆ ಖಾಸಿಮ್ ಸಾಬರಿಗೆ ಆಳಂದಕ್ಕೆ ವರ್ಗವಾಯಿತು. ಬಸ್ಸು ಹತ್ತಿಸಲು ಹೋದೆ.

“ತಪ್ಪು ನಂದು, ಶಿಕ್ಷೆ ನಿಮಗ” ಎಂದೆ.

“ಆಳಂದದಾಗೂ ಕೋರ್ಟ್ ಅದ, ಹೆಸರು ಅದಾವ. ನನಗ ನನ್ನ ಚಿಂತಿ ಇಲ್ರಿ. ಇಲ್ಲಿ ನೀವು ಉಳೀತೀರಲ್ಲ, ಅದೇ ಚಿಂತಿ” ಎಂದರು. ನಗಲಿಲ್ಲ. ಅದೇ ನಮ್ಮ ಕೊನೆಯ ಮಾತು.

ನಿಂಗಮ್ಮನ ಮುಂದಿನ ತಾರೀಖಿನ ಬೆಳಿಗ್ಗೆ ಕಾರಭಾರಿ ಮತ್ತೆ ಮೇಜಿಗೆ ಬಗ್ಗಿದ. ಪಟ್ಟಿಯನ್ನು ನಾನು ಆಗಲೇ ಗೋಡೆಗೆ ಹಚ್ಚಿದ್ದೆ; ಅವಳ ಕೇಸು ಊಟದ ನಂತರವೇ ಇತ್ತು.

“ನಿಮಗೂ ಆಳಂದ ತೋರಸ್ಬೇಕೇನ್ರಿ?”

“ತೋರಸ್ರಿ” ಎಂದೆ. “ಅಲ್ಲಿ ನಮ್ಮವರು ಒಬ್ಬರು ಅದಾರ.”