ಸೀತು ಚೆನ್ನಪ್ಪನ ಅಂಗಳಕ್ಕೆ ಹೋದದ್ದು

ಗುಳಿಗ ದೈವದ ಹತ್ತಿರ ಮುಚ್ಚಿಡುವಂಥದ್ದು ಸೀತುವಿಗೆ ಏನೂ ಇರಲಿಲ್ಲ. ಕಡಬದ ಆಚೆ ರಬ್ಬರ್ ಟ್ಯಾಪಿಂಗ್ ಮಾಡಿ ಬದುಕುವ ಹೆಂಗಸು ಅವಳು. ಗಂಡ ತೀರಿಹೋದ ಮೇಲೆ ನಸುಕಿನಲ್ಲಿ ಮರದಿಂದ ಮರಕ್ಕೆ ಹೋಗುವಾಗ ಜೊತೆಗಿದ್ದದ್ದು ತಲೆಗೆ ಕಟ್ಟಿದ ಟಾರ್ಚು ಮತ್ತು ರಾಣಿ ಎಂಬ ನಾಯಿ. ದಾರಿಯಲ್ಲಿ ಸಿಗುವ ದೈವದ ಕಲ್ಲಿನೆದುರು ಚಪ್ಪಲಿ ಕಳಚಿ, ಹಿಂದಿನ ದಿನದ ಸುದ್ದಿಯನ್ನೆಲ್ಲ ಒಪ್ಪಿಸಿಯೇ ಮುಂದೆ ಹೋಗುವಳು. ರಾಣಿ ಎರಡು ಮರಿ ಹಾಕಿದ್ದೂ ಮೊದಲು ತಿಳಿದದ್ದು ಗುಳಿಗನಿಗೆ.

ಮರಿಗಳಿಗೆ ಎರಡು ತಿಂಗಳಾಗುವಾಗ ಗಂಡುಮರಿ ಅನ್ನ ಬಿಟ್ಟು ಮೂಲೆ ಹಿಡಿಯಿತು. ಮೊದಲು ಬಿಳಿ ನೊರೆ ಕಕ್ಕಿತು, ಆಮೇಲೆ ಹಳದಿ ನೀರು. ಸಂಜೆಗೆ ರಕ್ತ ಬೆರೆತ ಭೇದಿ. ಅದರ ನಾತಕ್ಕೆ ರಾಣಿಯೂ ದೂರ ಹೋಗಿ ಮಲಗಿತು. ಬೆಳಗಾಗುವಾಗ ಮರಿ ಸೆಟೆದುಕೊಂಡಿತ್ತು.

ಹೀಗೆ ಸಾಯಬೇಕಾದರೆ ವಿಷವೇ ಆಗಬೇಕು. ಪಕ್ಕದ ಮನೆಯ ಹೇಂಟೆ ಕೋಳಿಯನ್ನು ರಾಣಿ ಹಿಡಿದ ದಿನ ಆ ಮನೆಯ ಚೆನ್ನಪ್ಪ, "ಇದಕ್ಕೊಂದು ಗತಿ ಕಾಣಿಸ್ತೇನೆ" ಎಂದದ್ದು ಅವಳ ಕಿವಿಯಲ್ಲೇ ಇತ್ತು. ಹೇಸಿಗೆ ಬಳಿದು ತೆಗೆಯುತ್ತಿದ್ದವಳು ಕಾಲೂ ತೊಳೆಯದೆ ಅವನ ಅಂಗಳಕ್ಕೆ ನುಗ್ಗಿದಳು.

"ಹೇಂಟೆಯ ಹಗೆ ಮರಿಯ ಮೇಲೆ ತೀರಿಸಿದ್ರಲ್ಲ ಚೆನ್ನಪ್ಪಣ್ಣ. ಈಗ ಸಮಾಧಾನವಾ?"

"ತಲೆ ಸರಿ ಉಂಟಾ ನಿನಗೆ? ನಾನೆಂತ ಮಾಡಿದ್ದು?"

"ನನಗೆ ಹೇಳುದು ಬೇಡ. ಕೇಳುವವ ಕೇಳ್ತಾನೆ."

ಅವನು ಹೊಸತಾಗಿ ತಂದಿದ್ದ ಕೆಂಚು ಮರಿ ಬಾಲ ಅಲ್ಲಾಡಿಸುತ್ತ ಬಂದು ಅವಳ ಪಾದ ನೆಕ್ಕಿತು. ಅದನ್ನು ಸರಿಸಿ ನೇರ ಗುಳಿಗನಲ್ಲಿಗೆ ಹೋದಳು. ಸೀಯಾಳ ಇಟ್ಟು, "ನನ್ನ ಅಂಗಳದಲ್ಲಿ ಆದದ್ದು ಮಾಡಿದವರ ಅಂಗಳದಲ್ಲೂ ಆಗಲಿ" ಎಂದಳು. ದೈವದೆದುರು ಆಡಿದ ಮಾತು, ಹಿಂದೆ ತೆಗೆದುಕೊಳ್ಳುವಂಥದ್ದಲ್ಲ.

ಅದೇ ವಾರ ಹೆಣ್ಣುಮರಿಯೂ ಮಂಕಾಯಿತು. ಗಂಡುಮರಿ ಸತ್ತಂದಿನಿಂದ ಅದನ್ನು ಅವಳು ಹೊರಗೇ ಬಿಟ್ಟಿರಲಿಲ್ಲ. ಬಾಗಿಲು ಹಾಕಿದ ಮನೆಯೊಳಗೆ ವಿಷ ಹಾಕಿದ್ದು ಯಾರು? ಅವಳು ಮರಿಯನ್ನು ಬುಟ್ಟಿಯಲ್ಲಿಟ್ಟು ಜೀಪು ಹತ್ತಿದಳು.

ಪೇಟೆಯ ಪಶುವೈದ್ಯೆ ಪ್ರೀತಿಕಾ ವಾಸನೆ ಬಡಿದೊಡನೆ ಕೈ ಅಡ್ಡ ಹಿಡಿದರು. "ಅಲ್ಲೇ ನಿಲ್ಲಿ. ನೆಲಕ್ಕೆ ಇಡ್ಬೇಡಿ." ಹತ್ತಿಯ ಕಡ್ಡಿಯಲ್ಲಿ ಮಲ ತೆಗೆದು ಪರೀಕ್ಷೆ ಮಾಡಿದರು. "ಪಾರ್ವೋ."

"ವಿಷ ಅಲ್ವಾ?"

"ವೈರಸ್ ಅಮ್ಮ. ಮರಿಗೆ ಸೂಜಿ ಹಾಕಿಸಿದ್ರಾ?"

"ತಾಯಿಗೆ ಕ್ಯಾಂಪಲ್ಲಿ ಹಾಕಿಸಿದ್ದೆ."

"ಅದು ಹುಚ್ಚುನಾಯಿ ರೋಗದ್ದು. ಇದರದ್ದು ಬೇರೆ ಉಂಟು, ಮರಿಗೆ ಒಂದೂವರೆ ತಿಂಗಳಲ್ಲೇ ಶುರು ಮಾಡ್ಬೇಕು." ಮರಿಯ ಕಾಲಿಗೆ ಡ್ರಿಪ್ ಏರಿಸುತ್ತಲೇ ಹೇಳಿದರು: "ಒತ್ತಾಯ ಮಾಡಿ ಬಾಯಿಗೆ ಎಂತದೂ ಹಾಕ್ಬೇಡಿ. ಸೆಗಣಿನೀರಲ್ಲಿ ತೊಳೆದ್ರೆ ಇದು ಹೋಗುದಿಲ್ಲ, ಬ್ಲೀಚಿಂಗ್ ಪೌಡರ್ ಬೇಕು. ಮನುಷ್ಯರಿಗೆ ತಾಗುದಿಲ್ಲ, ಆದ್ರೆ ನಮ್ಮ ಕಾಲಲ್ಲಿ ಹೋಗ್ತದೆ. ಆ ಹೇಸಿಗೆ ಮೆಟ್ಟಿ ಮರಿ ಇರುವ ಮನೆಗೆ ಹೋಗಿದ್ರಾ?"

ಸೀತು ತನ್ನ ಪಾದ ನೋಡಿಕೊಂಡಳು. ಅಲ್ಲಿ ಕೆಂಚು ಮರಿಯ ನಾಲಗೆಯ ತಂಪು ಈಗಲೂ ಇದ್ದಂತಿತ್ತು. ಚೆನ್ನಪ್ಪನ ಅಂಗಳಕ್ಕೆ ಆಗಲಿ ಎಂದು ಕೇಳಿಕೊಂಡದ್ದನ್ನು, ಕೇಳುವ ಮೊದಲೇ ಅವಳು ಕೊಟ್ಟು ಬಂದಾಗಿತ್ತು.

ಮರಿಯನ್ನು ಅಲ್ಲೇ ಬಿಟ್ಟು, ಅದೇ ಜೀಪಿನಲ್ಲಿ ಹಿಂದೆ ಬಂದಳು. ಚೆನ್ನಪ್ಪನ ಗೇಟಿನ ಹೊರಗೇ ನಿಂತು ಕರೆದಳು.

"ಚೆನ್ನಪ್ಪಣ್ಣ, ಮರಿ ಉಣ್ತದಾ?"

ಅವನು ಜಗಲಿಯಿಂದ ಏಳಲಿಲ್ಲ. "ಯಾಕೆ, ಅದಕ್ಕೂ ನಾನೇ ವಿಷ ಹಾಕಿದ್ದು ಹೇಳ್ಲಿಕ್ಕಾ?"

"ಉಣ್ತದಾ ಹೇಳಿ."

"ನಿನ್ನೆಯಿಂದ ಇಲ್ಲ. ಈಗ ನೊರೆ ಕಕ್ಕಿತು."

"ಹಾಗಾದ್ರೆ ಎತ್ತಿಕೊಂಡು ಬನ್ನಿ, ಜೀಪು ನಿಲ್ಸಿದ್ದೇನೆ. ವಿಷ ಅಲ್ಲ, ರೋಗ. ನನ್ನ ಕಾಲಲ್ಲಿ ಬಂದದ್ದು."

ಚೆನ್ನಪ್ಪ ಅವಳ ಮುಖವನ್ನೇ ನೋಡಿದ. ಬೈಗುಳ ನಾಲಗೆಯ ತುದಿಗೆ ಬಂದಿದ್ದಿರಬೇಕು. "ಒಳಗೆ ಬಾ ಮಾರಾಯ್ತಿ. ಒಂದು ಗೋಣಿ ಹುಡುಕಿ ಕೊಡು" ಎಂದ.

"ಬರುದಿಲ್ಲ. ನೀವೇ ತನ್ನಿ."

ಗುಳಿಗನ ಕಲ್ಲು ಬಂದಾಗ ಚಾಲಕ ರೂಢಿಯಂತೆ ವೇಗ ತಗ್ಗಿಸಿದ. "ನಿಲ್ಲಿಸ್ಬೇಡ" ಎಂದಳು ಸೀತು. ಕೂತಲ್ಲೇ ಕೈಮುಗಿದಳು. ಏನು ಹೇಳಬೇಕೆಂದು ತಿಳಿಯಲಿಲ್ಲ.

ಬೇಗ ಹೋದ ಕಾರಣ ಕೆಂಚು ಮರಿ ಉಳಿಯಿತು. ಸೀತುವಿನದ್ದು ಉಳಿಯಲಿಲ್ಲ.

ಈಗ ಕೆಂಚ ಬೆಳೆದು ದೊಡ್ಡದಾಗಿದೆ. ಬೆಳಿಗ್ಗೆ ಅವಳು ಹೋಗುವುದನ್ನು ಕಂಡರೆ ಗೇಟಿನವರೆಗೆ ಓಡಿ ಬರುತ್ತದೆ. ಸೀತು ಕಾಲು ಹಿಂದೆಳೆದುಕೊಳ್ಳುತ್ತಾಳೆ.

"ನೆಕ್ಕಲಿ ಬಿಡು, ಅದಕ್ಕೆ ಸೂಜಿ ಎಲ್ಲ ಆಗಿದೆ" ಎನ್ನುತ್ತಾನೆ ಚೆನ್ನಪ್ಪ.

ಅವಳು ಕಾಲು ಮುಂದಿಡುವುದಿಲ್ಲ.