ರಬ್ಬರ್ ಪುಡಿ ಹಿಡಿಯುವ ಎಕ್ಸ್‌ರೇ ಹಾಳೆ

ಮೈಸೂರಿನಿಂದ ಬಂದಿದ್ದ ಮೆಕ್ಯಾನಿಕ್ ಕನ್ನಡ ಟೈಪ್‌ರೈಟರನ್ನು ಮಗ್ಗುಲಾಗಿ ಮಲಗಿಸಿ ಒಳಗೆ ಬ್ರಷ್ ಆಡಿಸಿದರು. ಕೆಳಗೆ ಹಾಸಿದ್ದ ಹಳೇ ಪೇಪರಿನ ಮೇಲೆ ಎಣ್ಣೆ ಹತ್ತಿ ಕಪ್ಪಾದ ರಬ್ಬರ್ ಪುಡಿ ಬೀಳುತ್ತಲೇ ಇತ್ತು.

ಆ ಪುಡಿ ನನ್ನದು.

ತೊಂಬತ್ತರ ದಶಕದ ಮೊದಲ ವರ್ಷಗಳು, ಚಾಮರಾಜನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ನಾನು ಕುದೇರಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದೆ, ನನ್ನ ಕ್ಲಾಸು ಏಳರಿಂದ ಎಂಟು. ನಾನು ಎದ್ದ ಮೇಲೆ ಅದೇ ಮಿಷನ್ನಿಗೆ ನಾಗರತ್ನ ಕೂರುತ್ತಿದ್ದಳು, ಗುಂಡ್ಲುಪೇಟೆ ಕಡೆಯ ಬೇಗೂರಿನವಳು.

ಇಂಗ್ಲಿಷ್ ಮಿಷನ್‌ಗಳು ಆರಿದ್ದವು. ಕನ್ನಡದ್ದು ಒಂದೇ. ಪರೀಕ್ಷೆಗೂ ಇನ್‌ಸ್ಟಿಟ್ಯೂಟಿನ ಮಿಷನ್ನನ್ನೇ ಒಯ್ಯಬೇಕಿತ್ತು.

ನಾಗರತ್ನಳ ಅಪ್ಪ ಗುಂಡ್ಲುಪೇಟೆಯ ಸರ್ಕಾರಿ ಆಫೀಸೊಂದರಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರು. ಅನುಕಂಪದ ಮೇಲೆ ಮನೆಯಲ್ಲಿ ಒಬ್ಬರಿಗೆ ಕೆಲಸ ಸಿಗುತ್ತಿತ್ತು. ಕನ್ನಡ ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸಾದರೆ ಅವಳು ಟೈಪಿಸ್ಟ್... ಪರೀಕ್ಷೆಗೆ ಉಳಿದಿದ್ದು ಹದಿನೈದೇ ದಿನ.

ನಮ್ಮ ಮೇಷ್ಟ್ರು ರಬ್ಬರ್ ಮುಟ್ಟಲು ಬಿಡುತ್ತಿರಲಿಲ್ಲ. ತಪ್ಪಾದರೆ ತಪ್ಪೇ, ಹಾಗೇ ಮುಂದಕ್ಕೆ ಹೊಡೆಯಬೇಕು. ಒಂದೂ ತಪ್ಪಿಲ್ಲದ ಹಾಳೆಯನ್ನು ಮಾತ್ರ ಗೋಡೆಯ ಬೋರ್ಡಿಗೆ ಪಿನ್ ಮಾಡುತ್ತಿದ್ದರು.

ನನಗೋ ಆ ಬೋರ್ಡಿನ ಹುಚ್ಚು. ಒತ್ತಕ್ಷರ ಬಂದ ಕಡೆಯಲ್ಲೆಲ್ಲ ಎಡವುತ್ತಿದ್ದೆ. ಕರ್ಚೀಫಿನಲ್ಲಿ ಅರ್ಧ ಕೆಂಪು ಅರ್ಧ ನೀಲಿ ರಬ್ಬರ್ ಸುತ್ತಿಟ್ಟುಕೊಂಡು, ಮೇಷ್ಟ್ರು ಟೀ ಕುಡಿಯಲು ಎದ್ದಾಗ ನೀಲಿ ಕಡೆಯಿಂದ ಉಜ್ಜಿ, ಮೇಲೆ ಸರಿಯಾಗಿ ಹೊಡೆದುಬಿಡುತ್ತಿದ್ದೆ.

ಹಾಳೆ ಅಲ್ಲಲ್ಲಿ ತೆಳ್ಳಗಾಗಿದ್ದು ಅವರಿಗೆ ಕಾಣಲೇ ಇಲ್ಲ. ಕನ್ನಡಕದ ನಂಬರ್ ಬದಲಾಗಿತ್ತೋ, ನನ್ನ ಮೇಲೆ ಅಷ್ಟು ನಂಬಿಕೆಯೋ, ಗೊತ್ತಿಲ್ಲ.

ಉಜ್ಜಿದ ಪುಡಿ ಎಲ್ಲಿಗೆ ಹೋಗುತ್ತದೆ ಅಂತ ನಾನು ಯೋಚಿಸಿರಲೇ ಇಲ್ಲ. ಅದು ಅಕ್ಷರದ ಕಡ್ಡಿಗಳ ಸಂದಿಗೆ ಇಳಿಯುತ್ತಿತ್ತು. ಒಂದು ದಿನ ಮೇಲೆದ್ದ ಕಡ್ಡಿಗಳು ವಾಪಸ್ ಬೀಳಲೇ ಇಲ್ಲ.

ಮೆಕ್ಯಾನಿಕ್ ಹೋದ ಮೇಲೆ ಮೇಷ್ಟ್ರು ಕನ್ನಡ ಕಲಿಯುವ ನಮ್ಮಿಬ್ಬರನ್ನೂ ನಿಲ್ಲಿಸಿ, ಚೀಲ ತೋರಿಸಿ ಎಂದರು. ನನ್ನ ರಬ್ಬರ್ ಕರ್ಚೀಫಿನ ಸಮೇತ ಮುಷ್ಟಿಯೊಳಗಿತ್ತು. ನಾಗರತ್ನ ಶಾರ್ಟ್‌ಹ್ಯಾಂಡ್ ಕೂಡ ಕಲಿಯುತ್ತಿದ್ದಳು. ಅವಳ ಚೀಲದಲ್ಲಿ ಪೆನ್ಸಿಲ್ ಇತ್ತು, ಜೊತೆಗೆ ಒಂದು ರಬ್ಬರ್.

"ನಾನಲ್ಲ ಸಾ," ಅಂದಳು.

"ನಿನ್ ಚೀಲ್ದಲ್ಲೇ ಸಿಕ್ತಲ್ಲಮ್ಮಿ! ಪರೀಕ್ಷೆಗೆ ಈ ಮಿಷನ್ ನಿಂಗೆ ಕೊಡಕಿಲ್ಲ. ಓಗು."

ಅವಳು ಒಂದು ಸಲ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಚೀಲ ಎತ್ತಿಕೊಂಡು ಹೊರಟುಹೋದಳು.

ಆ ಭಾನುವಾರ ನನಗೆ ಅನ್ನ ಸೇರಲಿಲ್ಲ. ಅಮ್ಮನ ಕೈ ಮುರಿದಾಗ ತೆಗೆಸಿದ್ದ ಎಕ್ಸ್‌ರೇ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನೇ ಇಳಿಸಿಕೊಂಡು, ಗೇಣಗಲಕ್ಕೆ ಕತ್ತರಿಸಿ, ಕೆಳಗಿನ ಅಂಚನ್ನು ಮೇಲಕ್ಕೆ ಮಡಚಿ ಸಣ್ಣ ದೋಣಿಯ ಹಾಗೆ ಮಾಡಿದೆ. ಎರಡು ತುದಿಗೂ ಹೇರ್‌ಪಿನ್ ಸಿಕ್ಕಿಸಿದೆ.

ಉಜ್ಜುವ ಮುಂಚೆ ಅದನ್ನು ರೋಲರಿನ ಕೆಳಗೆ ಅಡ್ಡಲಾಗಿ ಸಿಕ್ಕಿಸಬೇಕು. ಪುಡಿ ಒಳಗೆ ಇಳಿಯದೆ ಆ ಮಡಿಕೆಯಲ್ಲೇ ನಿಲ್ಲುತ್ತದೆ. ತೆಗೆದು ಹೊರಗೆ ಕೊಡವಿದರೆ ಆಯಿತು.

ಇನ್ನು ಮಿಷನ್ ಕೆಡುವುದಿಲ್ಲ ಅಂತ ಗೊತ್ತಾದರೆ ಮೇಷ್ಟ್ರ ಕೋಪ ಇಳಿದು ನಾಗರತ್ನಳನ್ನು ವಾಪಸ್ ಕರೆಯುತ್ತಾರೆ ಅಂದುಕೊಂಡಿದ್ದೆ. ನಾನು ಬಾಯಿ ಬಿಡದೆಯೇ ಎಲ್ಲ ಸರಿಹೋಗಲಿ ಅನ್ನುವ ಹೇಡಿತನ, ಅಷ್ಟೇ.

ಸೋಮವಾರ ತೋರಿಸಿದೆ. ಮೇಷ್ಟ್ರು ತಾವೇ ಉಜ್ಜಿ ನೋಡಿ, ಕೊಡವಿ ನೋಡಿ, ಕುಣಿಯುವುದೊಂದು ಬಾಕಿ. "ಭಲೇ ತಲೆ ಕಣಮ್ಮಿ ನಿಂದು!"

ಆಮೇಲೆ ಕೇಳಿದರು. "ಅಲ್ಲ ಕಣಮ್ಮಿ, ರಬ್ಬರೇ ಮುಟ್ಟದ ನಿಂಗೆ ಇದ್ಯಾಕ್ ಬೇಕಾಯ್ತು?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಬಾಯಿ ತೆರೆದೆ...

"ಬೇರೆಯವ್ರಿಗೆ ಬೇಕಾಯ್ತದೆ ಅಂತ ಸಾ," ಅಂದೆ.

ಯಾರು ಕದ್ದು ಉಜ್ಜಿದರೂ ಮಿಷನ್ ಕೆಡದಿರಲಿ ಅಂತ ವಾರದೊಳಗೆ ಏಳೂ ಮಿಷನ್ನಿಗೆ ಎಕ್ಸ್‌ರೇ ಹಾಳೆ ಬಂತು. ಯಾರೇ ಬರಲಿ, ಇದು ನಮ್ಮ ಹುಡುಗಿ ಮಾಡಿದ್ದು ಅಂತ ಮೇಷ್ಟ್ರು ನನ್ನನ್ನು ಕರೆದು ತೋರಿಸುತ್ತಿದ್ದರು. ನಾಗರತ್ನಳ ಹೆಸರು ಅವರ ಬಾಯಲ್ಲಿ ಬರಲಿಲ್ಲ. ನಾನೂ ಎತ್ತಲಿಲ್ಲ. ಪರೀಕ್ಷೆ ಬರೆದೆ, ಫಸ್ಟ್ ಕ್ಲಾಸ್ ಬಂತು.

ರಿಸಲ್ಟ್ ನೋಡಿದ ದಿನ ಸಂತೋಷವೇ ಆಗಲಿಲ್ಲ. ಮಾರನೆಯ ದಿನವೇ ಗುಂಡ್ಲುಪೇಟೆ ಬಸ್ ಹತ್ತಿ, ಅಲ್ಲಿಂದ ಬೇಗೂರಿಗೆ ಹೋದೆ.

ನಾಗರತ್ನ ಮನೆ ಮುಂದೆ ಹುರುಳಿ ಕೇರುತ್ತಿದ್ದಾಳೆ. ಅವ್ವ ಎಲ್ಲಿ ಅಂದರೆ, ಡ್ಯೂಟಿಗೆ ಹೋಗಿದ್ದಾರೆ ಅನ್ನುತ್ತಾಳೆ. ಒಂದು ಪರೀಕ್ಷೆ ತಪ್ಪಿದರೆ ಮುಂದಿನದು ಆರು ತಿಂಗಳಿಗೆ, ಕೆಲಸದ ಅರ್ಜಿಯ ಗಡುವು ಅಲ್ಲಿಯವರೆಗೆ ಇರಲಿಲ್ಲ. ಹಾಗಾಗಿ ಮನೆಗೆ ಸಿಗುವ ಆ ಒಂದು ಕೆಲಸಕ್ಕೆ ಅವ್ವನೇ ಜವಾನರಾಗಿ ಸೇರಿಬಿಟ್ಟಿದ್ದರು. ಮಗಳು ಟೈಪ್ ಮಾಡಬೇಕಿದ್ದ ಆಫೀಸಿನಲ್ಲಿ ತಾಯಿ ಈಗ ಫೈಲು ಹೊರುತ್ತಿದ್ದರು.

ಅಳುತ್ತಾ ಎಲ್ಲ ಹೇಳಿದೆ. ಅವಳು ಮೊರ ಕೆಳಗಿಡಲಿಲ್ಲ.

"ಗೊತ್ತು ಕಣಮ್ಮಿ. ನೀನು ಎದ್ದೋದ್ಮೇಲೆ ಆ ನೀಲಿ ಪುಡೀನ ದಿನಾ ನಾನೇ ಊದ್ಬುಟ್ಟು ಕುಂತ್ಕತಿದ್ದೆ. ಊದುದ್ರೆ ಒಳಕ್ಕೋಯ್ತದೆ ಅಂತ ನಂಗೂ ಗೊತ್ತಾಗ್ನಿಲ್ಲ."

ಮತ್ತೆ ಮೇಷ್ಟ್ರಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ನೀನೇ ಯೋಳ್ತೀಯ ಅಂತ ಕಾಯ್ಕಂಡಿದ್ದೆ. ಪರೀಕ್ಷೆ ದಿನದ್ ಗಂಟ."

ವಾಪಸ್ ಬಂದು ಮೇಷ್ಟ್ರಿಗೆ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ತಾವೇ ಬೇಗೂರಿಗೆ ಹೋಗಿ ಆ ತಾಯಿ-ಮಗಳ ಮುಂದೆ ಕೈಮುಗಿದು ಬಂದರು. ಕೆಲಸ ಮಾತ್ರ ತಿರುಗಿ ಬರಲಿಲ್ಲ.

ಆ ಸರ್ಟಿಫಿಕೇಟಿನಿಂದಲೇ ನನಗೆ ನೌಕರಿ ಸಿಕ್ಕಿತು. ಇಷ್ಟು ವರ್ಷ ಅದರ ಅನ್ನ ಉಂಡಿದ್ದೇನೆ. ಎಲ್ಲರೂ ಮೆಚ್ಚಿದ ನನ್ನ ಆ ಜಾಣತನ ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ನೀವೇ ಬಾಯಿ ಬಿಡುತ್ತೀರಿ ಅಂತ ನಂಬಿ ಯಾರಾದರೂ ಹೀಗೆ ಸುಮ್ಮನೆ ಕಾದದ್ದುಂಟಾ?