ಬ್ರಾತ್ ಎಂಬ ದೂರದ ನೆಂಟ

ನನಗೊಂದು ಕೆಟ್ಟ ಚಟವಿದೆ. ಯಾವ ಭಾಷೆಯ ಪದ ಸಿಕ್ಕರೂ ಅದರ ಕುಲಗೋತ್ರ ವಿಚಾರಿಸದೆ ಬಿಡುವುದಿಲ್ಲ. ನಾಗಪುರದ ಕಾರ್ಖಾನೆಯಲ್ಲಿದ್ದಾಗ ಯಂತ್ರಗಳ ಜೊತೆ ಬಂದ ಕೈಪಿಡಿಗಳನ್ನು ಓದಲೆಂದು ರಷ್ಯನ್ ಭಾಷೆಯನ್ನು ಅರ್ಧಂಬರ್ಧ ಕಲಿತೆ. ನಿವೃತ್ತಿಯಾದ ಮೇಲೆ ಯಂತ್ರಗಳು ಮರೆತುಹೋದವು, ಭಾಷೆಯ ಜಂಬ ಉಳಿಯಿತು.

ಮೊನ್ನೆ ನಾಗಪುರದ ಸದರ್ ಬಡಾವಣೆಯಲ್ಲಿ, ನಮ್ಮ ಮನೆಯ ಹತ್ತಿರವೇ ನಡೆದ ಕನ್ನಡ ಬಳಗದ ಸಭೆಯಲ್ಲಿ ‘ಬ್ರಾತ್’ ಎಂಬ ಪದದ ಮೇಲೆ ಭಾಷಣ ಬಿಗಿದೆ. ರಷ್ಯನ್ನರಿಗೆ ಬ್ರಾತ್ ಎಂದರೆ ಸಹೋದರ. ಸಂಸ್ಕೃತದ ಭ್ರಾತೃ, ಪಾರಸಿಯ ಬರಾದರ್, ಇಂಗ್ಲಿಷಿನ ಬ್ರದರ್, ನಮ್ಮ ಓಣಿಯ ಮರಾಠಿ ಭಾವೂ ಎಲ್ಲ ಒಬ್ಬಳೇ ಅಜ್ಜಿಯ ಸಂತಾನ. ಆ ಅಜ್ಜಿಯ ಮಾತನ್ನು ಬರೆದಿಟ್ಟವರಿಲ್ಲ; ಪಂಡಿತರು ಮೊಮ್ಮಕ್ಕಳ ಮೂಗು ನೋಡಿ ಅವಳ ಮುಖ ಊಹಿಸಿದ್ದಾರೆ. ಇಷ್ಟು ಹೇಳುವಷ್ಟರಲ್ಲಿ ಬಳಗದ ಕಾರ್ಯದರ್ಶಿ ಎದ್ದು, “ಅಂದ್ರ ರಷ್ಯಾದವರು ನಮ್ಮಿಂದನ ಕಲ್ತಾರ, ಬರೋಬರ್ ಅಲ್ರೀ?” ಎಂದರು. ಅಲ್ಲ ಎನ್ನಬೇಕಿತ್ತು. ಕನ್ನಡವಂತೂ ಆ ಮನೆತನದ್ದೇ ಅಲ್ಲ ಎಂದೂ ಹೇಳಬೇಕಿತ್ತು. ಆದರೆ ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಚಪ್ಪಾಳೆಯ ಎದುರು ನನ್ನ ವಿದ್ವತ್ತು ಎಂದೂ ನಿಂತಿದ್ದಿಲ್ಲ.

ಸಭೆಯಲ್ಲಿ ಹೊದಿಸಿದ ಶಾಲಿನಲ್ಲೇ ಮನೆಗೆ ಬಂದು, “ಇಡೀ ರಷ್ಯಾ ನಮ್ಮ ಬಂಧು ಬಳಗ ಐತಿ ನೋಡು” ಎಂದು ಹೆಂಡತಿಗೆ ಹೇಳಿದೆ.

“ರಷ್ಯಾ ಇರ್ಲಿ. ಕೋರಾಡ್ಯಾಗಿನ ನಿಮ್ಮ ತಮ್ಮ ಏನಾಗ್ಬೇಕು ನಿಮಗ?” ಎಂದಳು.

ಕೋರಾಡಿಯ ವಿದ್ಯುತ್ ಸ್ಥಾವರದ ಕಾಲನಿಯಲ್ಲಿರುವ ತಮ್ಮ ವಸಂತನ ಜೊತೆ ನಾನು ಮಾತು ಬಿಟ್ಟು ಎರಡು ವರ್ಷ. ಅವನ ಮಗಳ ಮದುವೆಯ ಕರೆಯೋಲೆಯಲ್ಲಿ ನನ್ನ ಹೆಸರು ಅವನ ಭಾವಮೈದುನನ ಹೆಸರಿನ ಕೆಳಗೆ ಅಚ್ಚಾಗಿತ್ತು. ಅಕ್ಷತೆ ಹಾಕಿ, ಊಟ ಮಾಡದೆ ಎದ್ದು ಬಂದ ಮಹಾಶಯ ನಾನು. ರಷ್ಯನ್ನರ ಬ್ರಾತ್‌ಗೆ ಅಣ್ಣನೂ ಒಂದೇ, ತಮ್ಮನೂ ಒಂದೇ. ಬೇಕಾದರೆ ಹಿರಿಯ, ಕಿರಿಯ ಎಂದು ಬೇರೆಯಾಗಿ ಹಚ್ಚಿಕೊಳ್ಳಬೇಕು. ನಮ್ಮಲ್ಲಿ ಹಿರಿತನ ಪದದೊಳಗೇ ಕೂತಿರುತ್ತದೆ, ಇಳಿ ಎಂದರೆ ಇಳಿಯುವುದಿಲ್ಲ. ಸಾವಿರಾರು ವರ್ಷ ಹಿಂದಿನ ನೆಂಟಸ್ತಿಕೆ ಕೆದಕಿ ಶಾಲು ಹೊದಿಸಿಕೊಂಡವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ವಸಂತನನ್ನು ನೋಡಬೇಕೆಂದು ಸಂಕಟವಾಯಿತು.

ಮರುದಿನ ಬೆಳಿಗ್ಗೆ ಕೋರಾಡಿ ಬಸ್ಸು ಹತ್ತಿದೆ. ವಸಂತ ಬಾಗಿಲು ತೆರೆದ. ತಪ್ಪಾಯಿತು ಎನ್ನಲು ಹೊರಟ ನನ್ನ ಬಾಯಿಗೆ ಬಂದದ್ದು ಬ್ರಾತ್ ಪದದ ಚರಿತ್ರೆ. ಹೊಸ್ತಿಲ ಈಚೆ ನಿಂತೇ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅವನು ಪೂರಾ ಕೇಳಿ, ನನ್ನ ಕೈಯ ಚೀಲ ತೆಗೆದುಕೊಂಡ.

“ಬಾರಣ್ಣ ಒಳಗ. ಸದರ್‌ನಿಂದ ಇಲ್ಲಿಗೆ ಸೀದಾ ಬಸ್ ಐತಿ. ರಷ್ಯಾ ಸುತ್ತಿ ಬರೂದು ಏನಿತ್ತು?”